ಥೈರಾಯ್ಡ್ ಕ್ಯಾನ್ಸರ್‌ನ ಔಷಧ ಪ್ರಯೋಗಕ್ಕೆ ಸಹಿ ಹಾಕುವ ಮುನ್ನ: ಕಾಸರಗೋಡಿನ ಕನ್ನಡಿಗರಿಗೆ

ಶಸ್ತ್ರಚಿಕಿತ್ಸೆ ಮುಗಿದು, ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಚಿಕಿತ್ಸೆಗೂ ಬಗ್ಗದೆ ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೋ ಎಲುಬಿಗೋ ಹರಡಿದಾಗ, ಗುರಿನಿರ್ದೇಶಿತ ಔಷಧದ (ಕ್ಯಾನ್ಸರ್ ಬೆಳೆಯಲು ನೆರವಾಗುವ ಅಣುಗಳನ್ನೇ ತಡೆಯುವ ಔಷಧದ) ಪ್ರಯೋಗಕ್ಕೆ ಸೇರುತ್ತೀರಾ ಎಂದು ವೈದ್ಯರು ಕೇಳುವುದುಂಟು. ಕೂಡಲೇ ಹೂಂ ಎನ್ನಬೇಡಿ. ಬೇಡವೆಂದು ಎದ್ದೂ ಬರಬೇಡಿ. ಈ ಹಂತದ ರೋಗಕ್ಕೆ ಲೆನ್ವಾಟಿನಿಬ್ ಎಂಬ ಇಂಥ ಔಷಧ ಬಳಕೆಗೆ ಬಂದದ್ದು 392 ರೋಗಿಗಳು ಪಾಲ್ಗೊಂಡ ಇಂಥದೇ ಪ್ರಯೋಗದ ಬಲದಿಂದ. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ (ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದಕ್ಕಿಂತ ಹೆಚ್ಚು ಕಾಲ ನಿಂತಿತು) ಔಷಧ ಪಡೆದವರಲ್ಲಿ 18.3 ತಿಂಗಳು, ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಗುಳಿಗೆ, ಪಡೆದವರಲ್ಲಿ 3.6 ತಿಂಗಳು. ಅದು ರೋಗವನ್ನು ತಡೆದು ನಿಲ್ಲಿಸಿದ ಲೆಕ್ಕವೇ ಹೊರತು ಗುಣಪಡಿಸಿದ ಲೆಕ್ಕವಲ್ಲ.

ಬಯಾಪ್ಸಿ ವರದಿ, ಅಯೋಡಿನ್ ಪಡೆದ ದಿನಾಂಕ ಮತ್ತು ಪ್ರಮಾಣ, ಥೈರೋಗ್ಲೋಬುಲಿನ್ ಎಂಬ ರಕ್ತಪರೀಕ್ಷೆಯ ಫಲಿತಾಂಶ, ಸಿಟಿ ಸ್ಕ್ಯಾನ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಬಿರಾಫ್ (BRAF), ರೆಟ್ (RET) ಮುಂತಾದ ಜೀನ್‌ಗಳ ಪರೀಕ್ಷೆಗೆ ಗಡ್ಡೆಯ ತುಣುಕು ಬೇಕಾಗುವುದರಿಂದ, ಮೇಣದಲ್ಲಿ ಹುದುಗಿಸಿಟ್ಟ ಆ ತುಣುಕು (ಬ್ಲಾಕ್) ಯಾವ ಲ್ಯಾಬಿನಲ್ಲಿದೆ ಎಂದೂ ವಿಚಾರಿಸಿಡಿ.

ನಿಧಾನಿಸಬೇಕಾದದ್ದು ಒಪ್ಪಿಗೆಪತ್ರದಲ್ಲಿ. ನನ್ನ ಸೋದರಮಾವನ ಮುಂದೆ ಒಂದು ಆಸ್ಪತ್ರೆಯವರು ಇಟ್ಟದ್ದು ಮಲಯಾಳದ ಹಾಳೆಗಳನ್ನು. ಪೇಟೆಯಲ್ಲಿ ಮಲಯಾಳ ಸರಾಗವಾಗಿ ಮಾತಾಡುವ, ಆದರೆ ಅದರ ಒಂದಕ್ಷರವೂ ಓದಲು ಬಾರದ ಮಾವ ಸಂಕೋಚದಿಂದ ಪೆನ್ನು ಕೈಗೆತ್ತಿಕೊಂಡೇಬಿಟ್ಟಿದ್ದರು. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಹೇಳುತ್ತವೆ; ಕನ್ನಡ ಪ್ರತಿಯನ್ನು ಕೇಳಿ ಪಡೆದು, ಮನೆಗೆ ತಂದು, ಓದಿಸಿಕೊಂಡ ಮೇಲೆ ನಿರ್ಧರಿಸಿ. ಓದಲು ಬಾರದವರ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿರಬೇಕು.

ಪ್ರಯೋಗವು ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿಯಲ್ಲಿದೆಯೇ, ಪ್ಲಸೀಬೊ ಗುಂಪು ಇದೆಯೇ, ಇದ್ದರೆ ರೋಗ ಹೆಚ್ಚಿದಾಗ ನಿಜವಾದ ಔಷಧ ಸಿಗುತ್ತದೆಯೇ, ಪ್ರಯೋಗ ಮುಗಿದ ಮೇಲೆ ಔಷಧ ಕೊಡುವವರು ಯಾರು, ಓಡಾಟದ ಖರ್ಚು ಯಾರದು ಎಂದು ಕೇಳಿ. ಕೊನೆಯ ಪ್ರಶ್ನೆ ಕೇಳಲು ನಾಚಬೇಕಾಗಿಲ್ಲ; ಮುಳ್ಳೇರಿಯದಿಂದ ಮಂಗಳೂರಿಗೆ ತಿಂಗಳುಗಟ್ಟಲೆ ಓಡಾಡುವವರು ನೀವು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಸಿಗಬೇಕು. ಕಾರಣ ಹೇಳದೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.

ಸೇರಿದಿರೆಂದರೆ ಮನೆಗೊಂದು ಬಿಪಿ ಯಂತ್ರ ತನ್ನಿ, ಏಕೆಂದರೆ ಲೆನ್ವಾಟಿನಿಬ್‌ನಂಥ ಔಷಧಗಳು ರಕ್ತದೊತ್ತಡವನ್ನು ಏರಿಸುವುದು ಸಾಮಾನ್ಯ. ದಿನವೂ ಅಳೆದು, ಭೇದಿ, ಅಂಗೈ ಅಂಗಾಲಿನ ಉರಿ, ತಪ್ಪಿದ ಗುಳಿಗೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಡಿ. ಕಷಾಯ, ನಾಟಿಮದ್ದು ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಗುಳಿಗೆಗಳನ್ನು ಎಣಿಸಿಯೇ ಲೆಕ್ಕ ಇಡುವುದರಿಂದ, ಖಾಲಿ ಡಬ್ಬಿಯನ್ನೂ ಉಳಿದ ಗುಳಿಗೆಯನ್ನೂ ಎಸೆಯದೆ ಮುಂದಿನ ಭೇಟಿಗೆ ಚೀಲದಲ್ಲಿ ಹಾಕಿಕೊಂಡು ಹೋಗಿ.