ಬಿಡುವಿಗೂ ಕೂಲಿ ಕೊಟ್ಟೆ, ತೋಟ ಮುಳುಗಲಿಲ್ಲ

"ಕೂತವರಿಗೂ ಕೂಲಿ ಕೊಡ್ತೀಯಾ? ಹಾಗಾದ್ರೆ ತೋಟವನ್ನೇ ಅವರ ಹೆಸರಿಗೆ ಬರೆದುಬಿಡು" ಅಂತ ಪಕ್ಕದ ತೋಟದವರು ನಕ್ಕಿದ್ದರು. ಅದಾಗಿ ನಾಲ್ಕು ಬೇಸಿಗೆ ಕಳೆಯಿತು. ಹೋದ ಬೇಸಿಗೆಯಲ್ಲಿ ನನ್ನ ಕೊಯ್ಲಿನ ಗುಂಪಿನಲ್ಲಿ ಒಬ್ಬರೂ ಬಿಸಿಲಿಗೆ ಬೀಳಲಿಲ್ಲ. ಕೊಯ್ದ ಹಣ್ಣಿನ ಕ್ರೇಟಿನ ಲೆಕ್ಕವೂ ಬೀಳಲಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನೀರು, ನೆರಳು, ಬೆಳಗ್ಗೆ ಬೇಗ ಶುರು ಮಾಡುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮೊದಲ ವರ್ಷ ಒಬ್ಬ ಹುಡುಗ ಬಿದ್ದ. ಕೆಲಸಕ್ಕೆ ಬಂದು ಎರಡನೇ ದಿನ. ಗಟ್ಟಿಮುಟ್ಟು ಆಳು, ಬೆಳಗ್ಗೆಯಿಂದ ಎಲ್ಲರಿಗಿಂತ ಮುಂದಿದ್ದ. ಮಧ್ಯಾಹ್ನ ಖಾಲಿ ಬುಟ್ಟಿ ತಂದಿಟ್ಟು "ತುಂಬಿದೆ, ಬರೆದುಕೊಳ್ಳಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹತ್ತು ನಿಮಿಷದಲ್ಲಿ ಸಾಲಿನ ಮಧ್ಯೆ ಬಿದ್ದಿದ್ದ. ಮೈ ಮುಟ್ಟಿದರೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ನಾನು ಗಾಡಿ ಹುಡುಕಲು ಓಡಿದೆ. ಮೇಸ್ತ್ರಿ ಓಡಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಬಟ್ಟೆ ಸಮೇತ ಹಣ್ಣು ತೊಳೆಯುವ ತೊಟ್ಟಿಗೆ ಇಳಿಸಿ, ತಲೆ ಮಾತ್ರ ಮೇಲೆ ಹಿಡಿದುಕೊಂಡು ಕೂತರು. ನಾನು ಗಾಡಿ ತರುವ ಹೊತ್ತಿಗೆ ಅವನು ತನ್ನ ಹೆಸರು ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದೂ ಅದೇ: ಮೊದಲು ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಅವನ ಆಸ್ಪತ್ರೆ ಖರ್ಚು ಕಟ್ಟಿದೆ. ಗುಂಪಿನ ಮೂರು ದಿನದ ಕೂಲಿಯಷ್ಟಾಯಿತು. ಅಲ್ಲಿಂದ ದುಡ್ಡು ಸುರಿಯಲು ಶುರು ಮಾಡಿದೆ, ಮತ್ತು ಹೆಚ್ಚಿನದ್ದು ನೀರಿಗೆ ಹೋಯಿತು.

ಮೊದಲು ಒದ್ದೆ ಮಾಡಿ ಹಾಕಿಕೊಳ್ಳುವ ತಂಪು ಜಾಕೆಟ್. ಒಂದಕ್ಕೆ ಒಬ್ಬರ ನಾಲ್ಕು ದಿನದ ಕೂಲಿ. ಒಣ ಹವೆಯಲ್ಲಿ ಪರವಾಗಿಲ್ಲ. ಮಳೆ ಬಂದು ಸೆಕೆ ಏರಿದ ದಿನ ಅದರ ನೀರು ಆರಲೇ ಇಲ್ಲ. ಬೆನ್ನ ಮೇಲೆ ಬಿಸಿ ಒದ್ದೆ ಚೀಲ ಹೊತ್ತ ಹಾಗಾಯಿತಂತೆ. ಮೂರನೇ ದಿನಕ್ಕೆ ಎಲ್ಲರೂ ಬಿಚ್ಚಿ ಬೇಲಿಗೆ ನೇತುಹಾಕಿದರು.

ಆಮೇಲೆ ತೋಟದ ಮೂಲೆಯಲ್ಲಿ ಒಂದು ಚೆಂದದ ಶೆಡ್. ಬೆಂಚು, ಫ್ಯಾನು, ನೀರು ಎಲ್ಲ ಇಟ್ಟೆ. ಇಡೀ ಗುಂಪಿನ ಹತ್ತು ದಿನದ ಕೂಲಿ ಅದಕ್ಕೇ ಹೋಯಿತು. ಒಬ್ಬರೂ ಬರಲಿಲ್ಲ. ಯಾಕೆ ಬರುತ್ತಾರೆ? ಸಾಲಿನಿಂದ ಅಲ್ಲಿಗೆ ಐದು ನಿಮಿಷದ ದಾರಿ, ವಾಪಸ್ ಐದು ನಿಮಿಷ, ಕೂಲಿ ಮಾತ್ರ ಕ್ರೇಟಿನ ಲೆಕ್ಕ. ಕೂತ ಒಂದೊಂದು ನಿಮಿಷವೂ ಅವರ ಜೇಬಿನಿಂದ ಹೋಗುತ್ತಿತ್ತು. "ಬಿಡುವು ತಗೊಳ್ಳಿ, ಬಿಡುವು ತಗೊಳ್ಳಿ" ಅಂತ ನಾನು ಸುಮ್ನೆ ಕೂಗುತ್ತಿದ್ದೆ. ಆ ಶೆಡ್ಡಿನಲ್ಲಿ ಈಗ ಹಳೇ ಕ್ರೇಟು ಇಟ್ಟಿದ್ದೇನೆ.

ಕಡೆಗೆ ಎರಡು ಕೆಲಸ ಮಾಡಿದೆ. ನೆರಳನ್ನೇ ಆಳುಗಳ ಹತ್ತಿರ ಒಯ್ದೆ, ಬಿಡುವಿಗೂ ಕೂಲಿ ಕೊಟ್ಟೆ.

ನೆರಳು ಅಂದರೆ ಹಳೇ ಎರಡು ಚಕ್ರದ ಟ್ರೈಲರ್ ಮೇಲೆ ಪೈಪಿನ ಚೌಕಟ್ಟು, ಅದರ ಮೇಲೆ ನೆರಳು ಪರದೆ. ಮೊದಲು ಒಂದೇ ಪದರ ಕಟ್ಟಿದ್ದೆ. ಪರದೆಯೇ ಕಾದು ತಲೆಗೆ ಝಳ ಹೊಡೆಯುತ್ತಿತ್ತು. ಒಂದು ಗೇಣು ಅಂತರ ಬಿಟ್ಟು ಎರಡನೇ ಪದರ ಕಟ್ಟಿದ ಮೇಲೆ ಕೂರುವ ಹಾಗಾಯಿತು. ಗುಂಪು ಮುಂದೆ ಹೋದ ಹಾಗೆ ಗಾಡಿಯೂ ಸಾಲಿನ ತುದಿಗೆ ಹೋಗುತ್ತದೆ. ನೀರಿನ ಕ್ಯಾನೂ ಅದರಲ್ಲೇ. ಮುಂಚೆ ಡ್ರಮ್ಮು ಬಿಸಿಲಲ್ಲಿರುತ್ತಿತ್ತು, ಸ್ನಾನದ ನೀರಿನ ಹಾಗೆ. ಯಾರು ಕುಡಿಯುತ್ತಾರೆ? ತಣ್ಣಗಿದ್ದರೆ ಹೇಳದೆಯೇ ಕುಡಿಯುತ್ತಾರೆ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ಲೋಟ ಸಾಕು. ಗಂಟೆಗೆ ಒಂದೂವರೆ ಲೀಟರ್ ದಾಟಿಸಬೇಡಿ, ನೀರು ಜಾಸ್ತಿಯಾದರೆ ರಕ್ತದ ಉಪ್ಪಿನಂಶ ಇಳಿದು ಅದೇ ಒಂದು ಅಪಾಯ.

ನೀರಿನ ವಿಷಯದಲ್ಲಿ ನನ್ನ ಕಣ್ಣಿಗೆ ಬೀಳದ ಒಂದು ಸಂಗತಿಯಿತ್ತು. ಹೆಂಗಸರು ಲೋಟ ಬಾಯಿಗೆ ಮುಟ್ಟಿಸಿ ಇಟ್ಟುಬಿಡುತ್ತಿದ್ದರು. ಎರಡು ಬೇಸಿಗೆ ಆದ ಮೇಲೆ ಒಬ್ಬ ಅಕ್ಕ ಬಾಯಿಬಿಟ್ಟರು: "ಕುಡಿದ್ರೆ ಎಲ್ಲಿಗೆ ಹೋಗೋದು ಸ್ವಾಮಿ?" ತಲೆ ತಗ್ಗಿಸಿದೆ. ಟ್ರೈಲರಿನ ಹಿಂದೆ ಎಳೆದುಕೊಂಡು ಹೋಗುವ ಸಣ್ಣ ಶೌಚಾಲಯ ಮಾಡಿಸಿದೆ. ನಾನು ಖರ್ಚು ಮಾಡಿದ್ದರಲ್ಲಿ ಅದರಷ್ಟು ಕೆಲಸಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಇನ್ನು ಕೂಲಿ. ಕ್ರೇಟಿನ ಲೆಕ್ಕ ಬಿಡಲಿಲ್ಲ. ಬಿಸಿಲೇರಿದ ಮೇಲೆ ಗಂಟೆಗೆ ಹತ್ತು ನಿಮಿಷ, ತೀರಾ ಕೆಟ್ಟ ದಿನ ಮುಕ್ಕಾಲು ಗಂಟೆಗೆ ಹದಿನೈದು ನಿಮಿಷ ಗಂಟೆ ಹೊಡೆದು ಕೂರಿಸುವುದು. ಆ ಹೊತ್ತಿಗೆ ಅವರವರ ಸರಾಸರಿ ಗಳಿಕೆಯ ಲೆಕ್ಕದಲ್ಲೇ ದುಡ್ಡು. ಸರಾಸರಿ ಕಟ್ಟುವುದರಲ್ಲಿ ಒಂದು ಉಪಾಯ ಇದೆ, ಅದಿಲ್ಲದಿದ್ದರೆ ಬಿಡುವನ್ನೇ ಎಳೆಯುವವರು ಹುಟ್ಟಿಕೊಳ್ಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಒಂದು ಬೇಸಿಗೆ ಪೆಟ್ಟು ತಿಂದು ಕಲಿತದ್ದು.

ಕೂಲಿ ಖರ್ಚು ನೂರಕ್ಕೆ ಹತ್ತರಷ್ಟು ಏರಿತು ಅಂತ ನೆನಪು. ಮೊದಲ ವಾರ ಕ್ರೇಟೂ ಇಳಿಯಿತು. ನಕ್ಕವರಿಗೆಲ್ಲ ಹಬ್ಬ. ಎರಡನೇ ವಾರದಿಂದ ಮಧ್ಯಾಹ್ನದ ಕೊಯ್ಲು ಮೇಲೆ ಬಂತು. ಮುಂಚೆ ಹನ್ನೊಂದರ ನಂತರ ಕೈ ನಿಧಾನವಾಗಿ, ಜಜ್ಜಿದ ಹಣ್ಣು ಜಾಸ್ತಿ ಬರುತ್ತಿತ್ತು. ಅದು ಸುಮಾರು ಅರ್ಧಕ್ಕಿಳಿಯಿತು. ನಡುವೆ ಕೆಲಸ ಬಿಟ್ಟು ಹೋಗುವವರೂ ನಿಂತರು. ಎಲ್ಲ ಕೂಡಿ ಕಳೆದರೆ ಕೈಯಿಂದ ಹೋದದ್ದು ನೂರಕ್ಕೆ ಎರಡೋ ಮೂರೋ.

ಹೊಸಬರಿಗೆ ಬೇರೆ ನಿಯಮ. ಬಿಸಿಲಿಗೆ ಸಾಯುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಬಂದ ಮೊದಲ ಕೆಲವು ದಿನದಲ್ಲೇ ಸಾಯುತ್ತಾರೆ, ಮೈ ಒಗ್ಗಿರುವುದಿಲ್ಲ. ಅದಕ್ಕೇ ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲು, ದಿನಕ್ಕೆ ಒಂದೊಂದು ಪಾಲು ಏರಿಸಿ ಐದನೇ ದಿನಕ್ಕೆ ಪೂರ್ತಿ. ಉಳಿದ ಹೊತ್ತು ನೆರಳಲ್ಲಿ ಹಣ್ಣು ವಿಂಗಡಿಸಲಿ. ಹಳಬರು ವಾರಗಟ್ಟಲೆ ರಜೆ ಹಾಕಿ ಬಂದರೂ ಅರ್ಧದಿಂದಲೇ ಶುರು. "ನಾನೇನು ಮಗುವಾ?" ಅಂತ ಮುನಿಸಿಕೊಂಡವರಿದ್ದಾರೆ. ಮುನಿಸಿಕೊಳ್ಳಲಿ.

ಕೆಟ್ಟ ದಿನ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಸ್ವಲ್ಪ ಹುಚ್ಚಾಟ ಆಡಿದ್ದೇನೆ. ಸಾದಾ ಥರ್ಮಾಮೀಟರ್ ನಂಬಿ ಕೆಟ್ಟೆ. ಒಣ ಗಾಳಿಯ 38 ಡಿಗ್ರಿಗಿಂತ ಮಳೆ ಮರುದಿನದ 33 ಹೆಚ್ಚು ಹಿಂಡುತ್ತದೆ. ಅದನ್ನು ನೆರಳಿಗೆ ಸರಿಸಿ, ಇನ್ನೊಂದು ಥರ್ಮಾಮೀಟರಿಗೆ ಒದ್ದೆ ಬತ್ತಿ ಸುತ್ತಿ ಬಿಸಿಲಲ್ಲೇ ಇಟ್ಟೆ. ಮೂರನೆಯದನ್ನು ಕಪ್ಪು ಬಳಿದ ಪಿಂಗ್‌ಪಾಂಗ್ ಚೆಂಡಿನೊಳಗೆ ತೂರಿಸಿದೆ. ನೂರರಲ್ಲಿ ಒದ್ದೆ ಬತ್ತಿಯ ಅಂಕಿಗೆ 70 ಪಾಲು, ಕಪ್ಪು ಚೆಂಡಿನದಕ್ಕೆ 20, ನೆರಳಲ್ಲಿಟ್ಟದ್ದಕ್ಕೆ 10, ಸೇರಿಸಿದರೆ ಬೇಕಾದ ಅಂಕಿ; ಬಿಸಿಲು, ಸೆಕೆ ಎರಡನ್ನೂ ಹಿಡಿಯುವ ಇದಕ್ಕೆ WBGT ಅಂತಾರೆ. ಇದನ್ನು ಅಳೆಯುವ ನಿಜವಾದ ಉಪಕರಣದ ಕಪ್ಪು ಗುಂಡು 15 ಸೆಂಟಿಮೀಟರ್ ಇರುತ್ತದೆ, ಸಣ್ಣ ಚೆಂಡು ಸ್ವಲ್ಪ ಕಮ್ಮಿ ತೋರಿಸುತ್ತದೆ. ಬಿಸಿಲಿಗೆ ಒಗ್ಗಿದವರಿಗೆ ಈ ಅಂಕಿ ಮಧ್ಯಮ ಕೆಲಸದಲ್ಲಿ 28, ಭಾರದ ಕೆಲಸದಲ್ಲಿ 26 ಮುಟ್ಟಿದರೆ ಎಚ್ಚರ. ನಾನು ಒಂದು ಡಿಗ್ರಿ ಮುಂಚೆಯೇ ಗಂಟೆ ಹೊಡೆಯುತ್ತೇನೆ.

ಇನ್ನೊಂದು ಆಟ ಅದ್ಭುತವಾಗಿ ಗೆದ್ದಿತು: ಬಿಡುವಿನಲ್ಲಿ ಮೊಣಕೈವರೆಗೆ ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಕೂರುವುದು. ಬೆಂಕಿ ಆರಿಸುವವರು ಮಾಡುವ ಉಪಾಯ ಇದು. ಜಾಕೆಟ್ಟಿನ ದುಡ್ಡಿಗೆ ಇಂಥ ನೂರು ಬಕೆಟ್ ಬರುತ್ತಿತ್ತು. ಉಪ್ಪಿನ ಮಾತ್ರೆ ಮಾತ್ರ ಕೊಡಬೇಡಿ. ನನ್ನವರಲ್ಲಿ ಇಬ್ಬರು ವಾಂತಿ ಮಾಡಿಕೊಂಡರು.

ಔಷಧಿ ಹೊಡೆಯುವವರ ವಿಷಯದಲ್ಲಿ ಇನ್ನೂ ಗೆದ್ದಿಲ್ಲ. ಆ ಮುಚ್ಚಿದ ಸೂಟಿನೊಳಗೆ ಬೆವರು ಆರುವುದೇ ಇಲ್ಲ, ಬಿಚ್ಚಿದರೆ ವಿಷ ಮೈಗೆ. ಸದ್ಯಕ್ಕೆ ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಿಸುತ್ತಿದ್ದೇನೆ. ಮೂರು ಜನರ ಕೆಲಸಕ್ಕೆ ಐದು ಜನ ಬೇಕಾಗುತ್ತಿದೆ. ಪಕ್ಕದ ತೋಟದವರು ಇದಕ್ಕೂ ನಗುತ್ತಿದ್ದಾರೆ, ನನ್ನ ಟ್ರೈಲರಿನ ಅಳತೆ ತೆಗೆದುಕೊಂಡು ಹೋದ ಮೇಲೂ.