‘ಸರ್ವರ್ ಡೌನ್’ ಅನ್ನುವ ಮುಂಚೆ ಕಪ್ಪು ಪರದೆ ತೆರೆಯಿರಿ

‘ಸರ್ವರ್ ಡೌನ್ ಅದರಿ, ಮಧ್ಯಾಹ್ನ ಬರ್ರಿ.’ ಆಳಂದದಿಂದ ಔರಾದವರೆಗೆ, ಸೇಡಂನಿಂದ ಸುರಪುರದವರೆಗೆ ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಅಲೆದವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ. ಕೆಲವು ಸಲ ಅದು ನಿಜ. ಇನ್ನು ಕೆಲವು ಸಲ ಸರ್ವರ್ ತನ್ನ ಪಾಡಿಗೆ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕೌಂಟರ್ ಕೆಳಗಿನ ಕೇಬಲ್, ಏಪ್ರಿಲ್ ಬಿಸಿಲಿಗೆ ತಗಡಿನ ಅಲಮಾರಿ ಮೇಲೆ ಕಾಯುತ್ತಿರುವ ರೂಟರ್, ಅಥವಾ ಹೆಸರನ್ನು ವಿಳಾಸಕ್ಕೆ ತಿರುಗಿಸಿ ಕೊಡುವ ಡಿಎನ್‌ಎಸ್.

ನಿಮ್ಮ ಕಂಪ್ಯೂಟರ್‌ನಿಂದ ಸರ್ವರ್‌ವರೆಗೆ ನಾಲ್ಕು ಕೊಂಡಿಗಳಿವೆ: ಕಂಪ್ಯೂಟರ್‌ನಿಂದ ರೂಟರ್, ರೂಟರ್‌ನಿಂದ ಇಂಟರ್ನೆಟ್ ಕಂಪನಿ, ಹೆಸರಿನಿಂದ ವಿಳಾಸ, ಕೊನೆಗೆ ಸರ್ವರ್‌ನ ಪೋರ್ಟ್, ಅಂದರೆ ಒಂದೊಂದು ಸೇವೆಗೂ ಇರುವ ಅಂಕಿ ಹಾಕಿದ ಬಾಗಿಲು. ಯಾವುದು ಕಳಚಿದೆ ಎಂದು ತಿಳಿಯಲು ಬೇರೆ ಸಾಫ್ಟ್‌ವೇರ್ ಬೇಡ. ವಿಂಡೋಸ್‌ನಲ್ಲೇ ಇರುವ ನಾಲ್ಕಾರು ಆಜ್ಞೆಗಳು ಸಾಕು.

ಕೀಬೋರ್ಡ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪುಟ್ಟ ಚೌಕದಲ್ಲಿ ಸಿ-ಎಂ-ಡಿ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಕಪ್ಪು ಪರದೆ ತೆರೆಯುತ್ತದೆ. ಈ ಲೇಖನದಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ನುಡಿ ಕೀಬೋರ್ಡ್ ಕನ್ನಡಕ್ಕೆ ಹೊರಳಿದ್ದರೆ ಮೊದಲು ಇಂಗ್ಲಿಷಿಗೆ ತನ್ನಿ. ಡಿಟಿಪಿ ಅಂಗಡಿಗಳಲ್ಲಿ ‘ಆಜ್ಞೆ ತಗೋತಾನೇ ಇಲ್ಲ’ ಎಂಬ ದೂರಿನ ಹಿಂದೆ ಇದೂ ಇರುತ್ತದೆ.

ಮೊದಲ ಆಜ್ಞೆ: ವಿಳಾಸ ಸಿಕ್ಕಿದೆಯೇ?

ಐಪಿಕಾನ್ಫಿಗ್ (ಐ-ಪಿ-ಸಿ-ಓ-ಎನ್-ಎಫ್-ಐ-ಜಿ) ಎಂದು ಹೊಡೆದು ಎಂಟರ್ ಒತ್ತಿ. ಸಾಲುಗಳು ಬಹಳ ಬರುತ್ತವೆ, ‘ಮೀಡಿಯಾ ಡಿಸ್‌ಕನೆಕ್ಟೆಡ್’ ಎಂದಿರುವ ಭಾಗಗಳನ್ನು ಬಿಟ್ಟುಬಿಡಿ. ಬಳಕೆಯಲ್ಲಿರುವ ಈಥರ್ನೆಟ್ ಅಥವಾ ವೈಫೈ ಭಾಗದಲ್ಲಿ ಎರಡೇ ಸಂಗತಿ ನೋಡಿ: ಐಪಿವಿ4 ಅಡ್ರೆಸ್ ಮತ್ತು ಡೀಫಾಲ್ಟ್ ಗೇಟ್‌ವೇ. ಮನೆ, ಅಂಗಡಿಗಳಲ್ಲಿ ವಿಳಾಸ ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತದೆ, ಗೇಟ್‌ವೇ ಅಂದರೆ ನಿಮ್ಮ ರೂಟರ್, ಬಹುತೇಕ 192.168.1.1 ಅಥವಾ 192.168.0.1.

ವಿಳಾಸ 169.254ರಿಂದ ಶುರುವಾಗಿದ್ದರೆ ಅಲ್ಲಿಗೇ ನಿಲ್ಲಿ. ರೂಟರ್ ಹತ್ತಿರ ವಿಳಾಸ ಕೇಳಿ, ಉತ್ತರ ಬಾರದೆ, ವಿಂಡೋಸ್ ತನಗೆ ತಾನೇ ಕೊಟ್ಟುಕೊಂಡ ವಿಳಾಸ ಅದು. ಅದರಿಂದ ಇಂಟರ್ನೆಟ್‌ಗೆ ಹೋಗಲಾಗದು. ಕೇಬಲ್ ಸಡಿಲಾಗಿದೆಯೇ, ರೂಟರ್ ಆನ್ ಆಗಿದೆಯೇ ನೋಡಿ. ಆಮೇಲೆ ಐಪಿಕಾನ್ಫಿಗ್ ಬರೆದು ಒಂದು ಸ್ಪೇಸ್ ಬಿಟ್ಟು /ರಿಲೀಸ್, ಮುಗಿದ ಮೇಲೆ ಅದೇ ರೀತಿ /ರಿನ್ಯೂ ಕೊಡಿ. ಆಗಲೂ 169 ಬಂದರೆ ರೂಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಚ್ಚಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಯುಪಿಎಸ್ ಮೇಲೆ, ರೂಟರ್ ನೇರ ಬೋರ್ಡಿನ ಮೇಲೆ ಇದ್ದರೆ ಈ ಸ್ಥಿತಿ ಬರುವುದು ಸಹಜ. ರೂಟರನ್ನೂ ಫೈಬರ್ ಡಬ್ಬಿಯನ್ನೂ ಯುಪಿಎಸ್‌ಗೇ ಸೇರಿಸುವುದು ಒಳ್ಳೆಯದು. ಎರಡೂ ಸೇರಿದರೂ ಎಳೆಯುವ ವಿದ್ಯುತ್ ಅತ್ಯಲ್ಪ.

ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೊಂದು ತೊಡಕು. ಕಂಪನಿ ಕೊಟ್ಟ ಫೈಬರ್ ಡಬ್ಬಿಯ ಹಿಂದೆ ಹಳೆಯ ವೈಫೈ ರೂಟರ್ ಒಂದನ್ನು ಜೋಡಿಸಿರುತ್ತಾರೆ. ಒಂದು ಕಂಪ್ಯೂಟರ್‌ಗೆ 192.168.1.7, ಪಕ್ಕದ್ದಕ್ಕೆ 192.168.0.105. ಎರಡರಲ್ಲೂ ನೆಟ್ ಬರುತ್ತದೆ, ಆದರೆ ಒಂದರ ಪ್ರಿಂಟರ್ ಇನ್ನೊಂದಕ್ಕೆ ಕಾಣುವುದಿಲ್ಲ. ಮೂರನೆಯ ಅಂಕಿ ಬೇರೆಯಾಗಿದ್ದರೆ ಪ್ರಿಂಟರ್ ಡ್ರೈವರ್ ಮತ್ತೆ ಮತ್ತೆ ಹಾಕಿ ಉಪಯೋಗವಿಲ್ಲ. ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ತಾನು ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಸ್ಥಿತಿಗೆ) ತನ್ನಿ, ಅಥವಾ ಎರಡೂ ಕಂಪ್ಯೂಟರ್‌ಗಳನ್ನು ಒಂದೇ ಡಬ್ಬಿಗೆ ಸೇರಿಸಿ.

ಪಿಂಗ್: ಹತ್ತಿರದಿಂದ ದೂರಕ್ಕೆ

1983ರಲ್ಲಿ ಮೈಕ್ ಮ್ಯೂಸ್ ಬರೆದ ಈ ಪುಟ್ಟ ಪ್ರೋಗ್ರಾಮ್‌ಗೆ ಇವತ್ತಿಗೂ ಬದಲಿಲ್ಲ. ವಿಂಡೋಸ್‌ನಲ್ಲಿ ಅದು 32 ಬೈಟ್‌ನ ನಾಲ್ಕು ಪೊಟ್ಟಣ ಕಳಿಸಿ, ವಾಪಸು ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಹೇಳುತ್ತದೆ. ಮೊದಲು ಪಿಂಗ್ 192.168.1.1, ಅಂದರೆ ನಿಮ್ಮ ಗೇಟ್‌ವೇ. ಆಮೇಲೆ ಪಿಂಗ್ 8.8.8.8, ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರು. ಈ ಕ್ರಮ ತಪ್ಪಿಸಬೇಡಿ. ನೇರ ಹೆಸರಿಗೇ ಪಿಂಗ್ ಮಾಡಿದರೆ ಎಲ್ಲಿ ಕಡಿದಿದೆ ಎಂಬುದು ತಿಳಿಯುವುದಿಲ್ಲ.

ಕೇಬಲ್ ಮೂಲಕ ರೂಟರ್‌ಗೆ 1 ಮಿಲಿಸೆಕೆಂಡಿಗಿಂತ ಕಡಿಮೆ ಬರಬೇಕು. ವೈಫೈನಲ್ಲಿ ಕೆಲವು ಮಿಲಿಸೆಕೆಂಡು ಆದರೂ ಚಿಂತೆಯಿಲ್ಲ. 3, 5, 240, 4 ಎಂದು ನಡುನಡುವೆ ಜಿಗಿದರೆ ಸಿಗ್ನಲ್ ದುರ್ಬಲ. ಕಲ್ಲಿನ ದಪ್ಪ ಗೋಡೆಯ ಹಳೆ ಮನೆಗಳಲ್ಲಿ, ಅದರಲ್ಲೂ ಶಹಾಬಾದ ಕಲ್ಲಿನ ಕಟ್ಟಡಗಳಲ್ಲಿ, ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗಿರುತ್ತದೆ. ಕಲಬುರಗಿಯಿಂದ ಬೆಂಗಳೂರು ರಸ್ತೆಯಲ್ಲಿ ಹೆಚ್ಚೂಕಡಿಮೆ 600 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಅಷ್ಟು ದೂರ ಹೋಗಿ ಬರಲು ಬೇಕಾದ್ದು ಬರೀ 6 ಮಿಲಿಸೆಕೆಂಡು. ಉಳಿದದ್ದೆಲ್ಲ ದಾರಿಯ ಸುತ್ತುಬಳಸು ಮತ್ತು ನಡುವಿನ ಯಂತ್ರಗಳ ಪಾಲು. ಹಾಗಾಗಿ 20ರಿಂದ 50 ಬಂದರೆ ಸರಿಯಾಗಿದೆ ಎನ್ನಿ. 300 ದಾಟಿದರೆ ಲೈನ್ ತುಂಬಿಹೋಗಿದೆ. ಪಕ್ಕದ ಕಂಪ್ಯೂಟರ್ ದೊಡ್ಡ ಅಪ್‌ಡೇಟ್ ಇಳಿಸಿಕೊಳ್ಳುತ್ತಿದೆಯೋ ನೋಡಿ.

ಇಲ್ಲಿ ಬಹಳ ಜನ ಎಡವುವುದು ಕೊನೆಯ ಲೆಕ್ಕದಲ್ಲಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ನಾಲ್ಕೂ ಸಾಲಿನಲ್ಲಿ ಬಂದಿದ್ದರೂ ಕೆಳಗೆ ‘ಲಾಸ್ಟ್ 0’, ಅಂದರೆ ಕಳೆದುಹೋದದ್ದು ಸೊನ್ನೆ, ಎಂದು ತೋರಿಸುತ್ತದೆ. ಆ ಉತ್ತರ ಕಳಿಸಿದ್ದು ದೂರದ ಯಂತ್ರವಲ್ಲ, ನಿಮ್ಮ ಕಂಪ್ಯೂಟರ್ ಅಥವಾ ರೂಟರ್. ವಿಂಡೋಸ್ ಅದನ್ನೂ ‘ಬಂದ ಉತ್ತರ’ ಎಂದೇ ಎಣಿಸುತ್ತದೆ. ಆದ್ದರಿಂದ ಮೊತ್ತ ನೋಡದೆ ಸಾಲು ಓದಿ, ಉತ್ತರ ಕೊಟ್ಟ ವಿಳಾಸ ಯಾರದ್ದು ಎಂದು ನೋಡಿ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬೇರೆ: ಪೊಟ್ಟಣ ಹೋಯಿತು, ನಾಲ್ಕು ಸೆಕೆಂಡು ಕಾದರೂ ಏನೂ ಬರಲಿಲ್ಲ.

ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ರೂಟರ್‌ನಿಂದಾಚೆ. ಫೈಬರ್ ಡಬ್ಬಿಯ ಮೇಲೆ ‘ಲಾಸ್’ (ಎಲ್-ಓ-ಎಸ್) ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಡಬ್ಬಿಗೆ ಬೆಳಕೇ ಬರುತ್ತಿಲ್ಲ, ಎಲ್ಲೋ ತಂತಿ ತುಂಡಾಗಿದೆ ಅಥವಾ ಮಡಚಿದೆ. ರಸ್ತೆ ಅಗೆತ ನಡೆದಿರುವ ಕಡೆ ಇದು ಮಾಮೂಲು. ನೀವು ಮಾಡುವಂಥದ್ದೇನಿಲ್ಲ, ದೂರು ಕೊಡಿ. 8.8.8.8 ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ಕೆಟ್ಟಿದೆ. ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ, ಸಾಲದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವಾಗಿ 8.8.8.8 ಮತ್ತು 1.1.1.1 ತುಂಬಿ.

ಒಂದು ಎಚ್ಚರ: ಸರ್ಕಾರಿ ಪೋರ್ಟಲ್ ಮತ್ತು ಬ್ಯಾಂಕ್‌ಗಳ ಎಷ್ಟೋ ಸರ್ವರ್‌ಗಳು ಭದ್ರತೆಗಾಗಿ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಪಿಂಗ್ ಬಾರದ್ದಕ್ಕೇ ಸರ್ವರ್ ಸತ್ತಿದೆ ಎನ್ನಬೇಡಿ. ಅದಕ್ಕೆ ಮುಂದಿನ ಆಜ್ಞೆ ಬೇಕು.

ನೆಟ್‌ಸ್ಟಾಟ್: ಯಾರ ಜತೆ ಮಾತುಕತೆ ನಡೆದಿದೆ?

ನೆಟ್‌ಸ್ಟಾಟ್ (ಎನ್-ಇ-ಟಿ-ಎಸ್-ಟಿ-ಎ-ಟಿ) ಎಂದು ಬರೆದು, ಸ್ಪೇಸ್ ಬಿಟ್ಟು, ಅಡ್ಡಗೆರೆ (-) ಹಾಕಿ ಎ, ಎನ್, ಓ ಅಕ್ಷರಗಳನ್ನು ಅಂಟಿಸಿ ಬರೆಯಿರಿ. ಎ ಅಂದರೆ ಕಾಯುತ್ತ ಕುಳಿತ ಪೋರ್ಟ್‌ಗಳೂ ಸೇರಿ ಎಲ್ಲವೂ. ಎನ್ ಅಂದರೆ ಅಂಕಿಗಳಲ್ಲೇ ತೋರಿಸು; ಇದನ್ನು ಬಿಟ್ಟರೆ ಪ್ರತಿ ವಿಳಾಸದ ಹೆಸರು ಹುಡುಕುತ್ತ ಪರದೆ ತೆವಳುತ್ತದೆ, ಡಿಎನ್‌ಎಸ್ ಕೆಟ್ಟ ದಿನವಂತೂ ಕೇಳಲೇಬೇಡಿ. ಓ ಅಂದರೆ ಆ ಸಂಪರ್ಕ ಯಾವ ಪ್ರೋಗ್ರಾಮ್‌ನದು ಎಂಬ ಸಂಖ್ಯೆ, ಅಂದರೆ ಪಿಐಡಿ. ಬರುವ ಸಾಲು ಹೀಗಿರುತ್ತದೆ:

ಟಿಸಿಪಿ   192.168.1.7:51544   203.0.113.20:443   ಸಿನ್_ಸೆಂಟ್   6312

ಎಡದ್ದು ನಿಮ್ಮ ವಿಳಾಸ ಮತ್ತು ಪೋರ್ಟ್, ನಂತರದ್ದು ಆಚೆಯದು. 443 ಅಂದರೆ ಬೀಗದ ಗುರುತಿನ ಸುರಕ್ಷಿತ ವೆಬ್ ಪುಟ. ಅದರ ಮುಂದಿನ ಸ್ಥಿತಿಯೇ ಇಡೀ ಕಥೆ. ‘ಎಸ್ಟಾಬ್ಲಿಷ್ಡ್’ ಎಂದಿದ್ದರೆ ಸಂಪರ್ಕ ಆಗಿದೆ. ಆಮೇಲೂ ಪುಟ ಬಾರದಿದ್ದರೆ ಸರ್ವರ್ ಒಳಗೆ ಏನೋ ನಿಧಾನವಾಗಿದೆ. ‘ಸಿನ್_ಸೆಂಟ್’ ಎಂದಿದ್ದರೆ ನಿಮ್ಮ ಕಂಪ್ಯೂಟರ್ ಬಾಗಿಲು ತಟ್ಟಿದೆ, ಒಳಗಿನಿಂದ ‘ಯಾರು’ ಎಂಬ ಮಾತೂ ಬಂದಿಲ್ಲ. ‘ಸರ್ವರ್ ಡೌನ್’ ಎನ್ನಲು ಹಕ್ಕು ಕೊಡುವ ಸಾಲು ಇದು, ಅದೂ ಉಳಿದ ಸೈಟ್‌ಗಳು ಎಸ್ಟಾಬ್ಲಿಷ್ಡ್ ಎಂದು ತೋರಿಸುತ್ತಿದ್ದಾಗ ಮಾತ್ರ. ಖಾತ್ರಿ ಬೇಕಿದ್ದರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೊರಳಿ ನೋಡಿ. ಅಲ್ಲೂ ಹೀಗೇ ಆದರೆ ತಪ್ಪು ಬಹುತೇಕ ಆಚೆಯದು. ಅಲ್ಲಿ ಪುಟ ತೆರೆದರೆ ನಿಮ್ಮ ಲೈನಿನದು.

ಸಿನ್_ಸೆಂಟ್ ಪರದೆ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಪ್ಪತ್ತು ಸೆಕೆಂಡಿನ ಆಸುಪಾಸು ಪ್ರಯತ್ನಿಸಿ ವಿಂಡೋಸ್ ಕೈಬಿಡುತ್ತದೆ, ಸಾಲೂ ಮಾಯ. ಆದ್ದರಿಂದ ಆಜ್ಞೆಯ ಕೊನೆಗೆ ಸ್ಪೇಸ್ ಬಿಟ್ಟು 2 ಎಂದು ಸೇರಿಸಿ: ಎರಡೆರಡು ಸೆಕೆಂಡಿಗೆ ಹೊಸ ಪಟ್ಟಿ ಬರುತ್ತದೆ. ಬ್ರೌಸರ್‌ನಲ್ಲಿ ಪುಟ ರಿಫ್ರೆಶ್ ಮಾಡಿ ಇತ್ತ ಕಣ್ಣಿಡಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಪಟ್ಟಿ ಉದ್ದವಾದರೆ ನಿಂತ ಗೆರೆ ಹಾಕಿ (ಶಿಫ್ಟ್ ಹಿಡಿದು ಬ್ಯಾಕ್‌ಸ್ಲ್ಯಾಶ್), ಫೈಂಡ್‌ಸ್ಟರ್ (ಎಫ್-ಐ-ಎನ್-ಡಿ-ಎಸ್-ಟಿ-ಆರ್) /ಐ ಬರೆದು ಬೇಕಾದ ಪದ ಕೊಡಿ. ಆ /ಐ ಬಿಟ್ಟರೆ ಸಣ್ಣಕ್ಷರದಲ್ಲಿ ಹುಡುಕಿದ್ದಕ್ಕೆ ಏನೂ ಸಿಗುವುದಿಲ್ಲ, ಏಕೆಂದರೆ ನೆಟ್‌ಸ್ಟಾಟ್ ಸ್ಥಿತಿಗಳನ್ನು ದೊಡ್ಡಕ್ಷರದಲ್ಲಿ ಬರೆಯುತ್ತದೆ.

‘ಟೈಮ್_ವೇಟ್’ ಸಾಲುಗಳು ಡಜನ್‌ಗಟ್ಟಲೆ ಕಂಡರೆ ಗಾಬರಿ ಬೇಡ, ಮುಗಿದ ಸಂಪರ್ಕಗಳು ಸ್ವಲ್ಪ ಹೊತ್ತು ಹಾಗೇ ಉಳಿಯುತ್ತವೆ. ‘ಕ್ಲೋಸ್_ವೇಟ್’ ಬೆಳೆಯುತ್ತಲೇ ಇದ್ದರೆ ಬೇರೆ ಮಾತು: ಆಚೆಯವರು ಮುಗಿಸಿದ್ದಾರೆ, ನಿಮ್ಮ ಪ್ರೋಗ್ರಾಮ್ ಮುಚ್ಚುತ್ತಿಲ್ಲ. ಆ ಪ್ರೋಗ್ರಾಮನ್ನು ಮುಚ್ಚಿ ತೆರೆಯಿರಿ. ಪಿಐಡಿ ಯಾರದ್ದೆಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್ ಪಟ್ಟಿ ಸಾಕು.

‘ಲಿಸನಿಂಗ್’ ಸಾಲುಗಳನ್ನು ಬಿಡುವಾದಾಗ ಒಮ್ಮೆ ಓದಿ. 127.0.0.1 ಎಂದಿದ್ದರೆ ಆ ಪೋರ್ಟ್ ನಿಮ್ಮ ಕಂಪ್ಯೂಟರ್ ಒಳಗಿನವರಿಗಷ್ಟೇ. 0.0.0.0 ಎಂದಿದ್ದರೆ ಎಲ್ಲ ದಿಕ್ಕಿಗೂ ತೆರೆದಿದೆ. 0.0.0.0:3389 ಕಂಡರೆ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಈ ಕಂಪ್ಯೂಟರ್ ನಡೆಸುವ ಸೌಲಭ್ಯ) ಆನ್ ಇದೆ ಎಂದರ್ಥ. ನಿಮಗೆ ಬೇಡವಾದರೆ ಸೆಟ್ಟಿಂಗ್‌ನಲ್ಲಿ ಆರಿಸಿ. ರಿಪೇರಿಗೆ ಬಂದವರು ಹಾಕಿ ಹೋದ ದೂರನಿಯಂತ್ರಣ ಪ್ರೋಗ್ರಾಮ್‌ಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಗಿರಾಕಿಗಳ ಆಧಾರ್ ಪ್ರತಿ ಇರುವ ಕಂಪ್ಯೂಟರ್‌ನಲ್ಲಿ ಅಂಥದ್ದನ್ನು ಒಂದು ದಿನವೂ ಇಡಬಾರದು.

ಪೋರ್ಟ್ ತಟ್ಟಿ ನೋಡುವುದು

ಕಪನೂರದ ಕಡೆಯ ದಾಲ್ ಮಿಲ್ ಕಚೇರಿಯಂಥ ಜಾಗ ಊಹಿಸಿಕೊಳ್ಳಿ. ಮೂರು ಕಂಪ್ಯೂಟರ್, ಒಂದರಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಲೈಸೆನ್ಸ್, ಉಳಿದೆರಡಕ್ಕೆ ಒಂದು ಬೆಳಿಗ್ಗೆ ಲೈಸೆನ್ಸ್ ಸಿಗುವುದಿಲ್ಲ. ಪಿಂಗ್ ಮಾತ್ರ ಬರುತ್ತಿದೆ. ಟ್ಯಾಲಿಯ ಲೈಸೆನ್ಸ್ ಸೇವೆ, ಯಾರೂ ಬದಲಿಸದಿದ್ದರೆ, 9999ನೇ ಪೋರ್ಟ್‌ನಲ್ಲಿ ಕೂರುತ್ತದೆ. ಲೈಸೆನ್ಸ್ ಇರುವ ಕಂಪ್ಯೂಟರ್‌ನಲ್ಲಿ ನೆಟ್‌ಸ್ಟಾಟ್ ಓಡಿಸಿ 9999 ಹುಡುಕಿ. ಲಿಸನಿಂಗ್ ಸಾಲೇ ಇಲ್ಲದಿದ್ದರೆ ಆ ಸೇವೆ ನಿಂತಿದೆ, ಶುರು ಮಾಡಿ. ಸಾಲು ಇದ್ದರೆ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ ಪವರ್‌ಶೆಲ್ (ವಿಂಡೋಸ್‌ನಲ್ಲೇ ಇರುವ ಇನ್ನೊಂದು ಆಜ್ಞೆ ಪರದೆ) ತೆರೆದು ಟಿ-ಎನ್-ಸಿ, ಸ್ಪೇಸ್, ಆ ಕಂಪ್ಯೂಟರ್‌ನ ವಿಳಾಸ, ಸ್ಪೇಸ್, -ಪೋರ್ಟ್ 9999 ಎಂದು ಕೊಡಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ದಾರಿ ಸರಾಗ. ‘ಫಾಲ್ಸ್’ ಬಂದರೆ ಬಹುತೇಕ ನಡುವೆ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕ ತಡೆಯುವ ಕಾವಲು, ನಿಂತಿದೆ. ರೂಟರ್ ಬದಲಿಸಿದ ಮೇಲೆ ವಿಂಡೋಸ್ ಹೊಸ ಜಾಲವನ್ನು ‘ಪಬ್ಲಿಕ್’ ಎಂದು ಗುರುತಿಸಿ ಬಾಗಿಲು ಹಾಕಿಕೊಂಡಿರುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ‘ಪ್ರೈವೇಟ್’ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಫೈರ್‌ವಾಲನ್ನೇ ಪೂರ್ತಿ ಆರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಪಿಂಗ್‌ಗೆ ಉತ್ತರಿಸದ ಪೋರ್ಟಲ್‌ಗಳನ್ನು ಪರೀಕ್ಷಿಸುವುದೂ ಇದೇ ಆಜ್ಞೆಯಿಂದ: ವಿಳಾಸದ ಬದಲು ಪೋರ್ಟಲಿನ ಹೆಸರು, ಪೋರ್ಟ್ 443.

ಕೇಬಲ್ ಮೇಲೆ ಅನುಮಾನವಿದ್ದರೆ ನೆಟ್‌ಸ್ಟಾಟ್ -ಇ ನೋಡಿ. ‘ಎರರ್ಸ್’ ಸಾಲು ಸೊನ್ನೆಯಲ್ಲೇ ಇರಬೇಕು. ಹತ್ತು ನಿಮಿಷ ಬಿಟ್ಟು ನೋಡಿದಾಗ ಏರಿದ್ದರೆ ಇಲಿ ಕಡಿದ ಕೇಬಲ್ ಅಥವಾ ಸರಿಯಾಗಿ ಕ್ರಿಂಪ್ ಆಗದ ತುದಿ ಕಾರಣವಿರಬಹುದು. ಗಿಗಾಬಿಟ್ ವೇಗಕ್ಕೆ ಒಳಗಿನ ಎಂಟೂ ಎಳೆ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. 300ರ ಪ್ಲಾನ್ ಹಾಕಿಸಿಯೂ ಸ್ಪೀಡ್ ಟೆಸ್ಟ್ 95ರ ಹತ್ತಿರವೇ ನಿಲ್ಲುತ್ತಿದ್ದರೆ ಕಂಪನಿಯನ್ನು ಬೈಯುವ ಮುಂಚೆ ಕೇಬಲ್ ಬದಲಿಸಿ ನೋಡಿ. ಹಳೆಯ ರೂಟರ್‌ನ ಪೋರ್ಟೇ 100ರದ್ದಾಗಿದ್ದರೂ ಹೀಗೇ ಆಗುತ್ತದೆ.

ಲಿನಕ್ಸ್ ಬಳಸುವವರಿಗೆ: ಈಗಿನ ಉಬುಂಟುವಿನಲ್ಲಿ ನೆಟ್‌ಸ್ಟಾಟ್ ಮೊದಲಿನಿಂದ ಇರುವುದಿಲ್ಲ. ಅದರ ಜಾಗದಲ್ಲಿ ಎಸ್‌ಎಸ್ ಇದೆ, ಅಡ್ಡಗೆರೆಯ ನಂತರ ಟಿ, ಯು, ಎನ್, ಎ, ಪಿ ಸೇರಿಸಿ. ಪ್ರೋಗ್ರಾಮ್‌ಗಳ ಹೆಸರೆಲ್ಲ ಕಾಣಬೇಕಾದರೆ ಮುಂದೆ ಸುಡೋ ಹಾಕಬೇಕು. ವಿಳಾಸಕ್ಕೆ ಐಪಿ ಎ, ಗೇಟ್‌ವೇಗೆ ಐಪಿ ಆರ್.

ದೂರು ಕೊಡುವಾಗ ‘ನೆಟ್ ಸ್ಲೋ ಅದ’ ಎಂದಷ್ಟೇ ಹೇಳಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರವೇ ಸಿಗುವುದು. ಗೇಟ್‌ವೇ ಪಿಂಗ್ ಎಷ್ಟು, 8.8.8.8 ಪಿಂಗ್ ಎಷ್ಟು, ಎಷ್ಟು ಗಂಟೆಗೆ ಎಂದು ಹೇಳಿ. ಯಾವುದೇ ಆಜ್ಞೆಯ ಕೊನೆಗೆ > ಗುರುತು (ಶಿಫ್ಟ್ ಹಿಡಿದು ಫುಲ್‌ಸ್ಟಾಪ್) ಹಾಕಿ ಒಂದು ಫೈಲ್ ಹೆಸರು ಕೊಟ್ಟರೆ ಉತ್ತರ ಪರದೆಗೆ ಬರುವ ಬದಲು ಆ ಫೈಲ್‌ಗೆ ಹೋಗುತ್ತದೆ, ಕಳಿಸಲು ಅನುಕೂಲ. ಫೈಲ್ ಸಿಗದಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನಲ್ಲಿ ಹುಡುಕಿ. ಅದನ್ನು ದೂರು ತೆಗೆದುಕೊಂಡ ಟೆಕ್ನಿಷಿಯನ್‌ಗೆ ಮಾತ್ರ ಕಳಿಸಿ, ಊರಿನ ವಾಟ್ಸ್ಆ್ಯಪ್ ಗ್ರೂಪಿಗಲ್ಲ: ನಿಮ್ಮ ಕಂಪ್ಯೂಟರ್ ಯಾವ ಯಾವ ಬಾಗಿಲು ತೆರೆದಿಟ್ಟಿದೆ ಎಂಬ ಪಟ್ಟಿಯೇ ಅದರಲ್ಲಿರುತ್ತದೆ.