ಹಿಮದಲ್ಲಿ ಕಾವು ಕೂರುವ ಕ್ರಾಸ್‌ಬಿಲ್ ಜೋಡಿಯನ್ನು ನೋಡುವುದು ಹೇಗೆ

ಕೊಂಬೆಗಳ ಮೇಲೆ ಹಿಮ ಕೂತಿರುವಾಗ ಹಕ್ಕಿಯೊಂದು ಮೊಟ್ಟೆ ಇಡುತ್ತದೆ ಅಂದರೆ ನಾನೂ ಮೊದಲು ನಂಬಿರಲಿಲ್ಲ. ಕ್ರಾಸ್‌ಬಿಲ್ ಇಡುತ್ತದೆ. ಕೊಕ್ಕಿನ ತುದಿಗಳು ಕತ್ತರಿ ಹಾಕಿದಂತೆ ಒಂದನ್ನೊಂದು ದಾಟಿರುವ ಫಿಂಚ್ ಇದು, ಅಂದರೆ ಬೀಜ ತಿನ್ನುವ ಪುಟ್ಟ ಹಕ್ಕಿಗಳ ಜಾತಿಯದು. ಸ್ಪ್ರೂಸ್, ಪೈನ್‌ನಂಥ ಸೂಜಿಯೆಲೆ ಮರಗಳ ಕಾಯಿಗಳ ಬೀಜವೇ ಇದರ ಮುಖ್ಯ ಊಟ. ಬೀಜ ಬೇಕಾದಷ್ಟಿದ್ದರೆ ಸಾಕು, ಜನವರಿಯಲ್ಲೇ ಸಂಸಾರ ಶುರು.

ಹಾಗಾಗಿ ನಾನು ಮೊದಲು ಹುಡುಕುವುದು ಮರದ ತುದಿಯಲ್ಲಿ ಜೋತುಬಿದ್ದ ಕಾಯಿಗಳನ್ನು. ಅಂಥ ಕಡೆ ನಿಂತು ಕಿವಿಗೊಡಿ. ಹಾರುವಾಗ 'ಜಿಪ್ ಜಿಪ್' ಅಂತ ಜೋರು ದನಿ. ತಿನ್ನುವಾಗ ಬಹಳ ಸಲ ಸದ್ದೇ ಇರುವುದಿಲ್ಲ. ಕಾಯಿಯ ಸಿಪ್ಪೆ ಮೇಲಿನಿಂದ ಉದುರುತ್ತಿದ್ದರೆ ಅದೇ ಸುಳಿವು. ಇಟ್ಟಿಗೆ ಕೆಂಪಿನದು ಗಂಡು, ಮಾಸಲು ಹಸಿರು-ಹಳದಿಯದು ಹೆಣ್ಣು. ಒಣ ಬೀಜ ತಿನ್ನುವ ಹಕ್ಕಿಗೆ ಬಾಯಾರಿಕೆ ಜಾಸ್ತಿ ಅಲ್ವಾ? ನೀರು ನಿಂತ ಕಡೆಯೂ ಕಣ್ಣಿಡಿ.

ಗೂಡಿಗಾಗಿ ಮರದಿಂದ ಮರಕ್ಕೆ ಅಲೆಯಬೇಡಿ. ಗಂಡೇ ತೋರಿಸಿಕೊಡುತ್ತದೆ. ಕಾವು ಕೂತ ಹೆಣ್ಣು ಏಳುವುದು ತೀರಾ ಅಪರೂಪ. ಗಂಡು ಗಂಟಲ ತುಂಬಾ ಬೀಜ ಹೊತ್ತು ತಂದು ಅದಕ್ಕೆ ಗುಟುಕು ಕೊಡುತ್ತದೆ. ಒಂದೇ ಮರಕ್ಕೆ ಎರಡು ಮೂರು ಸಲ ಹೋಯಿತು ಅಂದರೆ, ಎಲೆ ದಟ್ಟವಾಗಿರುವ ಕೊಂಬೆಯತ್ತ ದುರ್ಬೀನು ತಿರುಗಿಸಿ. ನನ್ನ ಜೋಡಿಯ ಗಂಡು ಕೆಲವು ದಿನ ಗಂಟೆಗಟ್ಟಲೆ ಪತ್ತೆಯೇ ಇರುತ್ತಿರಲಿಲ್ಲ. ಅಷ್ಟು ಹೊತ್ತು ಹಿಮದಲ್ಲಿ ಸುಮ್ನೆ ನಿಲ್ಲಲು ಕಾಲಡಿಗೆ ಹಳೇ ಚಾಪೆ ತುಂಡು ಹಾಕಿಕೊಂಡೆ. ಎರಡು ಜೊತೆ ಸಾಕ್ಸ್‌ಗಿಂತ ಅದೇ ಉಪಯೋಗಕ್ಕೆ ಬಂತು.

ಮೂರನೇ ದಿನ ಒಂದು ತಪ್ಪು ಮಾಡಿದೆ. ಫೋಟೋ ಆಸೆಗೆ ಮರದ ಬುಡಕ್ಕೇ ಹೋದೆ. ಹೆಣ್ಣು ಹಾರಿಹೋಯಿತು. ಆ ಚಳಿಯಲ್ಲಿ ಬಯಲಾದ ಮೊಟ್ಟೆ ತಣ್ಣಗಾಗಲು ಎಷ್ಟು ಹೊತ್ತು! ಹಿಂದಕ್ಕೆ ಓಡಿ ಗಡಿಯಾರ ನೋಡುತ್ತಾ ನಿಂತೆ. ಏಳು ನಿಮಿಷಕ್ಕೆ ವಾಪಸ್ ಬಂತು. ಅಂದಿನಿಂದ ಐವತ್ತು ಹೆಜ್ಜೆಗಿಂತ ಹತ್ತಿರ ಹೋಗಿಲ್ಲ. ಹಿಮದ ಮೇಲೆ ನನ್ನ ಹೆಜ್ಜೆಗುರುತು ನೇರ ಆ ಮರಕ್ಕೇ ದಾರಿ ತೋರಿಸಬಾರದು ಅಂತ ಬಳಸಿಕೊಂಡು ಓಡಾಡುತ್ತೇನೆ. ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ. ಬ್ರಿಟನ್‌ನಲ್ಲಿ ಗೂಡಿನ ಬಳಿ ಕ್ರಾಸ್‌ಬಿಲ್‌ಗೆ ಬೇಕೆಂದೇ ತೊಂದರೆ ಕೊಟ್ಟರೆ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಿಮ್ಮ ಕಡೆಯ ನಿಯಮವನ್ನೂ ಕೇಳಿಕೊಳ್ಳಿ.

ಪುಸ್ತಕದಲ್ಲಿ ದಿನಾಂಕ, ಗಂಡು ಬಂದ ಹೊತ್ತು ಬರೆದಿಡಿ. ಸಾಮಾನ್ಯವಾಗಿ 3-4 ಮೊಟ್ಟೆ, ಸುಮಾರು ಎರಡು ವಾರ ಕಾವು. ಆಮೇಲೆ ಸುಮಾರು ಮೂರು ವಾರ ಮರಿಗಳು ಗೂಡಲ್ಲೇ. ಹೆಣ್ಣೂ ಹೊರಗೆ ಹೋಗಿ ಬರತೊಡಗಿದರೆ ಮರಿಗಳು ಸ್ವಲ್ಪ ದೊಡ್ಡವಾಗಿವೆ ಅಂತ ತಿಳಿಯಬಹುದು.

ಆಮೇಲೂ ನೋಡುವುದು ನಿಲ್ಲಿಸಬೇಡಿ. ಗೂಡು ಬಿಟ್ಟ ಮರಿಯ ಕೊಕ್ಕು ಇನ್ನೂ ನೆಟ್ಟಗೇ ಇರುತ್ತದೆ, ಕತ್ತರಿಯಾಗುವುದು ನಂತರ. ನನ್ನ ಮರಿಗಳಲ್ಲಿ ಒಂದು, ಕಾಯಿಯನ್ನು ಸುಮಾರು ಹೊತ್ತು ಕುಟುಕಿತು. ಬೀಜ ಬರಲಿಲ್ಲ. ಪಕ್ಕದ ಕೊಂಬೆಯಲ್ಲಿದ್ದ ಅಪ್ಪನ ಕಡೆ ತಿರುಗಿ ಬಾಯಿ ತೆರೆದು ಕೂತಿತು.